ಘಾಟ್ಕೋಪರಿನ ಕಲ್ಲು, ಮೈಸೂರಿನ ಗೋಡೆ

ಘಾಟ್ಕೋಪರಿನಲ್ಲಿ ಇಳಿಯುವವರು ಯಾರೂ ಚಿತ್ರ ನೋಡಲೆಂದು ಇಳಿಯುವುದಿಲ್ಲ. ಲೋಕಲಿನಿಂದ ಇಳಿದು, ಸೇತುವೆ ಹತ್ತಿ, ವರ್ಸೋವಾ ಮೆಟ್ರೋ ಹಿಡಿದು ಅಂಧೇರಿಯ ಆಫೀಸು ಸೇರುವವರ ನೂಕುನುಗ್ಗಲು ಬೆಳಗ್ಗೆ. ಸಂಜೆ ಅದೇ ನೂಕುನುಗ್ಗಲು ತಿರುಗಿ ಬರುತ್ತದೆ. 2014ರಲ್ಲಿ ಮೆಟ್ರೋ ಬಂದ ಮೇಲಂತೂ ಇದು ಊರಾಗಿ ಉಳಿಯದೆ ಗಾಡಿ ಬದಲಿಸುವ ಜಾಗವಾಗಿಬಿಟ್ಟಿದೆ ಎಂದು ಹಳಬರು ಗೊಣಗುತ್ತಾರೆ. ಬಣ್ಣ ಎಂದರೆ ಇಲ್ಲಿಯವರಿಗೆ ನೆನಪಾಗುವುದು ಅಸಲ್ಫಾದ ಗುಡ್ಡ. 2017ರ ಕೊನೆಗೆ ಸ್ವಯಂಸೇವಕರು ಬಂದು ಅಲ್ಲಿನ ಗೋಡೆಗಳಿಗೆಲ್ಲ ನೀಲಿ, ಹಳದಿ, ಗುಲಾಬಿ ಬಳಿದು ಹೋದರು. ಮೆಟ್ರೋ ಕಿಟಕಿಯ ಪಕ್ಕ ಕೂತವರಿಗೆ ಅದು ಚೆಂದ ಕಂಡಿತು. ಗುಡ್ಡ ಹತ್ತಿ ಮನೆ ಸೇರುವವರಿಗೆ ಮೆಟ್ಟಿಲು ಹಿಂದಿನಷ್ಟೇ ಕಡಿದಾಗಿತ್ತು.

ಆದರೆ ಈ ದೇಶದ ಮನೆಮನೆಯಲ್ಲಿ ದೇವರ ಮುಖ ಹೀಗೇ ಇರಬೇಕು ಎಂದು ನಿಶ್ಚಯವಾಗಿಹೋಯಿತಲ್ಲ, ಆ ಬಣ್ಣ ಒಂದು ಕಾಲಕ್ಕೆ ಇದೇ ಘಾಟ್ಕೋಪರಿನಲ್ಲಿ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ರಾಜಾ ರವಿವರ್ಮನ ಲಿಥೋ ಮುದ್ರಣಾಲಯದ ಮಾತು ಇದು. 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಘಾಟ್ಕೋಪರಿನಲ್ಲಿ ಯಂತ್ರ ಓಡಿಸಿ, 1899ರಲ್ಲಿ ಘಟ್ಟದ ಮೇಲಿನ ಮಳವ್ಳಿಗೆ ಅದು ಎತ್ತಂಗಡಿಯಾಯಿತು. ಆಗ ಇದು ಪೇಟೆಯಲ್ಲ; ಠಾಣೆಯ ರೈಲು ಹಳಿಯ ಅಕ್ಕಪಕ್ಕದ ಹಳ್ಳಿ, ಪೂರ್ವಕ್ಕೆ ಉಪ್ಪಿನ ಗದ್ದೆ. ಆ ಪ್ರೆಸ್ಸು ಎಲ್ಲಿತ್ತು ಎಂದು ಎಂ.ಜಿ. ರೋಡಿನ ಫ್ರೇಮಿನ ಅಂಗಡಿಯ ಗುಜರಾತಿ ಕಾಕಾನನ್ನು ಕೇಳಿದರೆ, “ಪ್ರೆಸ್ಸಾ? ವಿಸಿಟಿಂಗ್ ಕಾರ್ಡಿಗೆ ತಾನೆ? ಪಕ್ಕದ ಗಲ್ಲಿಗೆ ಹೋಗಿ” ಅಂದ. ಅವನ ತಲೆಯ ಮೇಲೆ, ಊದುಬತ್ತಿಯ ಹೊಗೆಯಲ್ಲಿ, ರವಿವರ್ಮನ ಲಕ್ಷ್ಮಿಯ ಮೊಮ್ಮಗಳೋ ಮರಿಮಗಳೋ ಆದ ಒಂದು ಲಕ್ಷ್ಮಿ ಕೆಂಪು ತಾವರೆಯ ಮೇಲೆ ನಿಂತಿದ್ದಳು.

ತಿರುವಾಂಕೂರಿನ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದ ರವಿವರ್ಮ ನಲವತ್ತರ ಆಸುಪಾಸಿನಲ್ಲಿ ಅರಮನೆಯಿಂದ ಅರಮನೆಗೆ ಕರೆಸಿಕೊಳ್ಳುತ್ತಿದ್ದ ಚಿತ್ರಕಾರ. ಮೈಸೂರಿನ ಚಾಮರಾಜೇಂದ್ರ ಒಡೆಯರು 1885ರಲ್ಲಿ ಕರೆಸಿ ಮನೆಯವರ ಭಾವಚಿತ್ರ ಬರೆಸಿದರು. ಬರೋಡದ ಸಯಾಜಿರಾವ್ ಗಾಯಕವಾಡರು ಹದಿನಾಲ್ಕು ಪುರಾಣಚಿತ್ರ ಬರೆಸಿದರು. ಆ ಹದಿನಾಲ್ಕನ್ನು ಸಾರ್ವಜನಿಕ ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದರು. ಅರಮನೆಯ ಒಳಗೆ ಕಾಲಿಡುವ ಯೋಗ ಇಲ್ಲದ ಜನ, ದೇವಸ್ಥಾನದ ಗರ್ಭಗುಡಿಯ ಹತ್ತಿರ ಹೋಗಲು ಬಿಡದ ಜನ ಕೂಡ ಅವರಲ್ಲಿ ಇದ್ದಿರಬೇಕು. ದಿವಾನ್ ಮಾಧವರಾಯರು, ಯುರೋಪಿಗೆ ಕಳಿಸಿ ಬಣ್ಣದ ಪ್ರತಿ ತೆಗೆಸಬಾರದೇಕೆ ಎಂದು ಮೊದಲೇ ಸಲಹೆ ಕೊಟ್ಟಿದ್ದರು. ರವಿವರ್ಮ ಮತ್ತು ತಮ್ಮ ರಾಜರಾಜವರ್ಮ ಅದನ್ನು ಇನ್ನೊಂದು ಹೆಜ್ಜೆ ಮುಂದೊಯ್ದು ಜರ್ಮನಿಯಿಂದ ಯಂತ್ರವನ್ನೇ ತರಿಸಿದರು, ಕೆಲಸಗಾರರನ್ನೂ ಕರೆಸಿದರು, ಮುಂಬಯಿಯ ವ್ಯಾಪಾರಿ ಗೋವರ್ಧನದಾಸ ಖಟಾವು ಮಖನಜಿಯನ್ನು ಪಾಲುದಾರ ಮಾಡಿಕೊಂಡರು. ಮೊದಲು ಹೊರಬಂದದ್ದು ಶಕುಂತಲೆಯ ಜನನದ ಚಿತ್ರ. ಹಿಂದೆಯೇ ಲಕ್ಷ್ಮಿ, ಸರಸ್ವತಿ.

ಹೆಸರು ಬಂತು, ದುಡ್ಡು ಬರಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಿತ್ತು, ಕೆಲಸಗಾರರು ಊರು ಬಿಟ್ಟರು, ಸಾಲ ಏರಿತು. ಕೊನೆಗೆ ಅಣ್ಣತಮ್ಮಂದಿರು ಪ್ರೆಸ್ಸನ್ನು ತಮ್ಮಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರನಿಗೆ ಮಾರಿ ಕೈತೊಳೆದುಕೊಂಡರು. ಚಿತ್ರ ಬರೆಯುವ ಕೈ ಲೆಕ್ಕದ ಪುಸ್ತಕ ಬರೆಯಲು ಹೋದರೆ ಆಗುವುದೇ ಹೀಗೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಐದಾರು ವರ್ಷ ನಷ್ಟದಲ್ಲಿ ನಡೆದ ಆ ಕಾರಖಾನೆ ಮಾಡಿದಷ್ಟು ಕೆಲಸವನ್ನು ಲಾಭದಲ್ಲಿ ನಡೆದ ಯಾವ ಕಾರಖಾನೆಯೂ ಈ ಊರಿನಲ್ಲಿ ಮಾಡಿಲ್ಲ.

ಘಾಟ್ಕೋಪರಿನದೇ ಪಂತ್‌ನಗರದಲ್ಲಿ ಸರ್ಕಾರಿ ವಸತಿಯ ಹಳೆಯ ಮ್ಹಾಡಾ ಕಟ್ಟಡಗಳು ಒಂದೊಂದಾಗಿ ಕೆಡವಿಸಿಕೊಳ್ಳುತ್ತಿವೆ. ನಮಗೆ ಗೊತ್ತಿರುವ ಕುಂದಾಪುರ ಕಡೆಯ ಅಜ್ಜಿಯೊಬ್ಬರ ಬಿಲ್ಡಿಂಗೂ ರೀಡೆವಲಪ್‌ಮೆಂಟಿಗೆ ಹೋಯಿತು. ಸಾಮಾನು ಕಟ್ಟಲು ಕೈಕೊಡಲೆಂದು ಹೋದಾಗ ಅವರು ಅಟ್ಟಣಿಗೆಯ ಪಾತ್ರೆಪಗಡಿ ಬಿಟ್ಟು ಮೊದಲು ಗೋಡೆಯ ಲಕ್ಷ್ಮಿಯನ್ನು ಇಳಿಸಿಕೊಡಲು ಹೇಳಿದರು. “ಜಾಗ್ರತೆ ಮಾರಾಯ್ರೆ, ನನ್ನ ಅತ್ತೆಯವರ ಕಾಲದ್ದು. ಅವಳಿಗೆ ವಯಸ್ಸಾಗ್ಲಿಲ್ಲ, ನಮಗೆ ಆಯ್ತು ಅಷ್ಟೆ.”

ಗಾಜು ಒರೆಸಿ ಬೆಳಕಿಗೆ ಹಿಡಿದೆ. ಕೆಳಗೆ ಅಂಚಿನಲ್ಲಿ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ರವಿವರ್ಮಾ ಪ್ರೆಸ್, ಕಾರ್ಲಾ, ಲೋಣಾವಳಾ. ಅಂದರೆ ಘಾಟ್ಕೋಪರ್ ಬಿಟ್ಟ ಮೇಲಿನದು. ಅಜ್ಜಿ ಪೇಪರ್ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಕೊಟ್ಟರು. ಅದರಡಿ ಲಕ್ಷ್ಮಿಯ ಕೆನ್ನೆ ಕೆನ್ನೆಯಾಗಿ ಉಳಿಯಲಿಲ್ಲ. ಗುಲಾಬಿ, ಹಳದಿ, ತಿಳಿಕಂದು ಚುಕ್ಕೆಗಳ ಹಿಂಡಾಯಿತು. ಲಿಥೋ ಕೆಲಸವೇ ಹಾಗೆ. ನುಣುಪಾದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯಬೇಕು, ಅದೂ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ. ಕಲ್ಲನ್ನು ಒದ್ದೆ ಮಾಡಿದರೆ ಜಿಡ್ಡಿಲ್ಲದ ಜಾಗ ನೀರು ಹಿಡಿಯುತ್ತದೆ. ಮೇಲೆ ಎಣ್ಣೆಶಾಯಿಯ ಉರುಳೆ ಹಾಯಿಸಿದರೆ ಶಾಯಿ ಜಿಡ್ಡಿಗಷ್ಟೇ ಅಂಟುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಒಂದೇ ಹಾಳೆ ಒಂದಾದ ಮೇಲೊಂದು ಕಲ್ಲಿನ ಮೇಲೆ ಮಲಗಿ ಏಳಬೇಕು, ಪ್ರತಿ ಸಲವೂ ಕೂದಲೆಳೆ ಹೆಚ್ಚುಕಡಿಮೆ ಆಗದಂತೆ. ಅಜ್ಜಿಯ ಲಕ್ಷ್ಮಿಗೆ ಆ ಕೂದಲೆಳೆ ತಪ್ಪಿತ್ತು. ತುಟಿಯ ಕೆಂಪು ತುಟಿಯ ಗೆರೆಯಿಂದ ಸ್ವಲ್ಪ ಬಲಕ್ಕೆ ಜಾರಿ, ದೇವಿ ಏನೋ ಹೇಳಹೊರಟು ತಡೆದುಕೊಂಡ ಹಾಗಿದ್ದಳು. ನೂರು ವರ್ಷ ಪೂಜೆ ಮಾಡಿದವರು ಯಾರೂ ಅದನ್ನು ಗಮನಿಸಿರಲಿಲ್ಲ, ಅಥವಾ ಗಮನಿಸಿ ಅದನ್ನೇ ಅವಳ ನಗು ಎಂದುಕೊಂಡಿದ್ದರು.

ಇನ್ನೂ ಒಂದಿತ್ತು. ಸೀರೆಯ ಅಂಚಿನುದ್ದಕ್ಕೆ ನಿಜವಾದ ಜರಿ. ಅಜ್ಜಿಯ ಅತ್ತೆ ಮದುವೆ ಸೀರೆ ಹರಿದಾಗ ಅದರ ಜರಿ ಬಿಡಿಸಿ, ಮೈದಾ ಅಂಟಿನಲ್ಲಿ ಹಚ್ಚಿದ್ದಂತೆ. ಕಿರೀಟಕ್ಕೆ ಮಿಣುಕುಬಿಲ್ಲೆ, ಕೊರಳಿಗೆ ಮಣಿ. ಆ ಕಾಲದಲ್ಲಿ ಇದು ಮನೆಮನೆಯ ಹವ್ಯಾಸ. ಪ್ರೆಸ್ಸಿನಿಂದ ಬಂದ ದೇವಿ ಹೆಂಗಸರ ಕೈಯಲ್ಲಿ ಅಲಂಕಾರವಾದ ಮೇಲೆಯೇ ದೇವರ ಕೋಣೆಗೆ ಹೋಗುತ್ತಿದ್ದದ್ದು. ಜರಿ ಕಪ್ಪಾಗಿತ್ತು. ಆದರೂ ಕಿಟಕಿಯ ಕಡೆ ತಿರುಗಿಸಿದಾಗ ಒಂದೆರಡು ಎಳೆ ಮಿನುಗಿದವು.

ಮೈಸೂರಿನಲ್ಲಿ ಮದುವೆಯೊಂದಿತ್ತು. ಹೋದವನು ರವಿವರ್ಮನ ಮೂಲಚಿತ್ರಗಳಿರುವ ಜಗನ್ಮೋಹನ ಅರಮನೆ ನೋಡದೆ ಬರಬಾರದು ಎಂದು ಆಗಲೇ ನಿಶ್ಚಯ ಮಾಡಿದೆ. ಅಜ್ಜಿಗೆ ಹೇಳಿದರೆ, “ಅರಮನೆಯಲ್ಲಿರುವುದಕ್ಕೆ ಯಾರು ಹೂ ಇಡುತ್ತಾರೆ?” ಎಂದು ಕೇಳಿದರು.

ದಾದರಿನಿಂದ ರಾತ್ರಿ ಹೊರಡುವ ಶರಾವತಿ ಎಕ್ಸ್‌ಪ್ರೆಸ್ ಘಾಟ್ಕೋಪರನ್ನು ಹಾಯ್ದೇ ಹೋಗುತ್ತದೆ, ನಿಲ್ಲುವುದಿಲ್ಲ. ಕರ್ಜತ್ ದಾಟಿ ಘಟ್ಟ ಹತ್ತಿ ಲೋಣಾವಳಾ ಕಳೆದ ಮೇಲೆ ಬರುವ ಚಿಕ್ಕ ನಿಲ್ದಾಣವೇ ಮಳವ್ಳಿ. ಕಾರ್ಲಾ, ಭಾಜಾ ಗುಹೆಗಳಿಗೆ ಹೋಗುವವರು ಇಳಿಯುವ ಜಾಗ. ನಡುರಾತ್ರಿ ಕಿಟಕಿಗೆ ಮುಖವಿಟ್ಟು ಕಾದಿದ್ದೆ; ಹಳದಿ ಬೋರ್ಡೊಂದು ಸರ್ರನೆ ಹಾಯ್ದುಹೋಯಿತು. ರೈಲು ಹಳಿಯ ಹತ್ತಿರವೇ ಪ್ರೆಸ್ಸು ಹಾಕಿಕೊಂಡದ್ದು ಕಲ್ಲು, ಕಾಗದ, ಶಾಯಿಗಳ ಭಾರವನ್ನು ಎತ್ತಿನ ಗಾಡಿಯಲ್ಲಿ ಎಳೆಯುವುದು ಆಗದ ಮಾತೆಂದೇ ಇರಬೇಕು. ಇಲ್ಲಿ ಕೆಲಸ ಮಾಡಿದವರಲ್ಲಿ ಧುಂಡಿರಾಜ್ ಗೋವಿಂದ ಫಾಲ್ಕೆ ಒಬ್ಬರು. 1913ರಲ್ಲಿ ಅವರ ಸಿನಿಮಾ ‘ರಾಜಾ ಹರಿಶ್ಚಂದ್ರ’ ಬಂದಾಗ ತೆರೆಯ ಮೇಲಿನ ರಾಜ, ಋಷಿ, ರಾಣಿ ಎಲ್ಲರೂ ಇದೇ ಪ್ರೆಸ್ಸಿನ ಹಾಳೆಗಳಿಂದ ಎದ್ದು ಬಂದವರ ಹಾಗೆ ಉಟ್ಟುತೊಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕನ್ನಡ ಪೌರಾಣಿಕ ಚಿತ್ರಗಳ ಕಿರೀಟ, ಭುಜಕೀರ್ತಿಗಳ ವಂಶವೃಕ್ಷವೂ ಹುಡುಕುತ್ತ ಹೋದರೆ ಇತ್ತಲೇ ಬಂದು ಮುಟ್ಟೀತು. 1972ರಲ್ಲಿ ಬೆಂಕಿ ಬಿದ್ದು ಆ ಕಾರಖಾನೆ ಸುಟ್ಟುಹೋಯಿತು.

ಪ್ರಯಾಣದ ಉಳಿದ ಭಾಗದಲ್ಲಿ ಹೇಳುವಂಥದ್ದು ಕಡಿಮೆ. ಬೆಳಗಾವಿಯಲ್ಲಿ ಕುಂದಾ ಡಬ್ಬಿ, ಹುಬ್ಬಳ್ಳಿಯಲ್ಲಿ ಚಹಾ, ಅರಸೀಕೆರೆ ಕಡೆ ತೆಂಗಿನ ತೋಟ.

ದೊಡ್ಡ ಅರಮನೆ ನೋಡಿ ಕಣ್ಣು ಕೋರೈಸಿಕೊಂಡವರು ಪಶ್ಚಿಮಕ್ಕೆ ಸ್ವಲ್ಪವೇ ನಡೆದರೆ ಜಗನ್ಮೋಹನ ಸಿಗುತ್ತದೆ. ಗಾತ್ರದಲ್ಲಿ ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ನನಗಂತೂ ಇದು ಅರಮನೆಗಿಂತ ದೊಡ್ಡವರೊಬ್ಬರ ಮನೆಯಂತೆಯೇ ಕಂಡಿತು. ಮುಂಭಾಗದ ತುಂಬ ಗಾರೆಗೆಲಸ, ಕಮಾನು, ಮೇಲೆ ಕಳಶ ಇದ್ದರೂ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ರಾಜ್ಯವನ್ನು ಬ್ರಿಟಿಷರು 1831ರಲ್ಲೇ ಕೈಗೆ ತೆಗೆದುಕೊಂಡಿದ್ದರು. ಉಳಿದ ಕಾಲವನ್ನೆಲ್ಲ ಈ ಅರಸರು ಆಟ, ಚಿತ್ರ, ಗ್ರಂಥಗಳಲ್ಲಿ ಕಳೆದರು. ಚದುರಂಗದ ಹೊಸ ಲೆಕ್ಕಾಚಾರ ಹೂಡಿದರು, ಗಂಜೀಫಾ ಎಲೆಗಳ ಹೊಸ ಹೊಸ ಆಟ ಕಟ್ಟಿದರು, ದೇವತೆಗಳ ರೂಪಲಕ್ಷಣಗಳನ್ನೆಲ್ಲ ಕೂಡಿಸಿ ಶ್ರೀತತ್ತ್ವನಿಧಿ ಮಾಡಿಸಿದರು. ಅಧಿಕಾರ ಹೋದವನ ವಿರಾಮ ಎಂದು ಮೂಗು ಮುರಿಯುವವರು ಮುರಿಯಲಿ, ಅಧಿಕಾರವಿದ್ದ ಎಷ್ಟೋ ಜನ ಇಷ್ಟೂ ಮಾಡಿಲ್ಲ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿಗೆ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಮುಂಬಯಿಯಲ್ಲಿ ಪ್ಲೇಗಿಗೆ ಹೆದರಿ ರವಿವರ್ಮನ ಕೆಲಸಗಾರರು ಚದುರುತ್ತಿದ್ದ ಆ ದಿನಗಳಲ್ಲೇ ಇಲ್ಲಿ ಒಡೆಯರ ಮನೆತನ ಗಂಟುಮೂಟೆ ಕಟ್ಟಿಕೊಂಡು ಜಗನ್ಮೋಹನಕ್ಕೆ ಬಂದಿತು. 1912ರಲ್ಲಿ ಹೊಸ ಅರಮನೆ ಮುಗಿಯುವ ತನಕ ಇದೇ ನೆಲೆ. 1902ರಲ್ಲಿ ವೈಸರಾಯ್ ಕರ್ಜನ್ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ದು ಇಲ್ಲೇ. ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳೂ ಇಲ್ಲೇ ನಡೆದವು. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1955ರಿಂದ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಎಂಬ ಹೆಸರು. ಅಂದರೆ ಇದು ಸರ್ಕಾರ ಪಟ್ಟಿ ಮಾಡಿ ಕೊಂಡ ಸಂಗ್ರಹವಲ್ಲ. ಒಂದು ಮನೆತನ ತನಗೆ ಬೇಕೆನಿಸಿದ್ದನ್ನು ತಲೆತಲಾಂತರ ಕೂಡಿಟ್ಟದ್ದು. ಹಾಗಾಗಿ ಒಳಗೆ ಒಂದು ಬಗೆಯ ಚೆಂದದ ಗೊಂದಲವಿದೆ. ದಶಾವತಾರ ಕೆತ್ತಿದ ಭಾರಿ ಮರದ ಬಾಗಿಲು, ಫ್ರೆಂಚ್ ಗಡಿಯಾರದಲ್ಲಿ ಗಂಟೆಗೊಮ್ಮೆ ಕವಾಯತು ಹೊರಡುವ ಸಿಪಾಯಿ ಗೊಂಬೆಗಳು, ಅಕ್ಕಿಕಾಳಿನ ಮೇಲಿನ ಚಿತ್ರ, ವೀಣೆ, ತಂಬೂರಿ. ಗಡಿಯಾರದ ಮುಂದೆ ಶಾಲಾ ಮಕ್ಕಳ ಸಾಲು ಕರಗಲೇ ಇಲ್ಲ. ರವಿವರ್ಮನಿಗೂ ಅಷ್ಟು ಜನ ಇರಲಿಲ್ಲ.

ಮೇಲಿನ ಗೋಡೆಗಳ ಮೇಲೆ ಮುಮ್ಮಡಿಯವರ ಕಾಲದ ಭಿತ್ತಿಚಿತ್ರಗಳು. ದಸರಾ ಮೆರವಣಿಗೆ, ಯದುವಂಶದ ಅರಸರೆಲ್ಲ ತಾವರೆಯ ಎಸಳುಗಳಲ್ಲಿ ಕೂತ ವಂಶಾವಳಿ. ಇವುಗಳ ಮುಂದೆ ಬಹಳ ಹೊತ್ತು ನಿಂತೆ, ಪಂತ್‌ನಗರದ ಜರಿ ಮನಸ್ಸಿನಲ್ಲಿದ್ದುದರಿಂದ. ಮೈಸೂರು ಶೈಲಿಯಲ್ಲಿ ಚಿನ್ನವೆಂದರೆ ಚಿನ್ನವೇ. ಉಬ್ಬು ಕೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕು ಹಚ್ಚಿ ಉಜ್ಜಿ ಹೊಳಪು ಬರಿಸುತ್ತಾರೆ. ಕಿರೀಟ ಚಿನ್ನದ್ದಾದರೆ ಚಿತ್ರದಲ್ಲೂ ಚಿನ್ನ ಇರಬೇಕು, ಇಲ್ಲದಿದ್ದರೆ ದೇವರಿಗೆ ಮೋಸ. ದೀಪ ಹತ್ತಿರ ತಂದರೆ ಅದು ದೀಪಕ್ಕೆ ಉತ್ತರ ಕೊಡುತ್ತದೆ.

ಅಲ್ಲಿಂದ ರವಿವರ್ಮನ ತೈಲಚಿತ್ರಗಳ ಮುಂದೆ ಬಂದರೆ ಚಿನ್ನ ಎಲ್ಲೂ ಇಲ್ಲ. ಹೊಳಪು ಮಾತ್ರ ಇದೆ. ಹತ್ತು ಅಡಿ ದೂರದಲ್ಲಿ ಕಣ್ಣು ಕುಕ್ಕುವ ಜರಿಯಂಚು ಹತ್ತಿರ ಹೋದಂತೆ ಕಾವಿ, ಮಣ್ಣುಗೆಂಪು, ಅದರ ಮೇಲೊಂದು ದಪ್ಪ ಹಳದಿಯ ಗೀರು, ಗೀರಿನ ತುದಿಗೆ ಬಿಳಿಯ ಒಂದೇ ಚುಕ್ಕೆ. ಮತ್ತೆ ಹಿಂದೆ ಸರಿದರೆ ಮತ್ತೆ ಜರಿ. ಹಿಂದೆ ಮುಂದೆ ಹೀಗೆ ನಾಲ್ಕಾರು ಸಲ ಮಾಡಿದ್ದನ್ನು ನೋಡಿ ಕಾವಲಿನವರಿಗೆ ಅನುಮಾನ ಬಂತು.

“ಸಾರ್, ಫೋಟೋ ತೆಗೆಯೋ ಹಾಗಿಲ್ಲ.”

“ಇಲ್ಲಪ್ಪ, ಚಿನ್ನ ನೋಡ್ತಿದ್ದೆ.”

“ಅದು ಬಣ್ಣ ಸಾರ್,” ಅಂದರು, ನನ್ನ ಭ್ರಮೆಯನ್ನು ಬಿಡಿಸುವ ಹೊಣೆ ಹೊತ್ತವರಂತೆ. “ಚಿನ್ನ ನೋಡ್ಬೇಕಂದ್ರೆ ದೊಡ್ಡ ಅರಮನೆಗೆ ಹೋಗಿ.”

ನಾನು ನಿಂತಿದ್ದದ್ದು 1889ರ ಆ ಹೆಸರುವಾಸಿ ಚಿತ್ರದ ಎದುರು. ನಾನಾ ಪ್ರಾಂತ್ಯಗಳ ಹನ್ನೊಂದು ಹೆಂಗಸರು ವಾದ್ಯಗಳ ಜೊತೆ ಗುಂಪಾಗಿದ್ದಾರೆ. ನಾಯರ್ ಹೆಣ್ಣು, ಮರಾಠಿ ಹೆಣ್ಣು, ಮುಸ್ಲಿಂ ಹೆಣ್ಣು, ಪಾರಸಿ, ಹಿಂದೆ ಯುರೋಪಿಯನ್ ಉಡುಪಿನವಳು. ಇಡೀ ದೇಶವನ್ನು ಒಂದು ಕೋಣೆಯಲ್ಲಿ ಕೂರಿಸುವ ಆಸೆ. ಕಾಂಗ್ರೆಸ್ ಹುಟ್ಟಿ ನಾಲ್ಕೇ ವರ್ಷವಾಗಿದ್ದ ಕಾಲ. ಬಟ್ಟೆಯ ಒಂದೊಂದು ನೆರಿಗೆಗೂ ಅದರದೇ ತೂಕ. ರೇಷ್ಮೆ ಎಲ್ಲಿ, ಹತ್ತಿ ಎಲ್ಲಿ ಎಂದು ಬೆರಳಿಟ್ಟು ಹೇಳಬಹುದು. ಆದರೆ ಯಾರೂ ಯಾರನ್ನೂ ನೋಡುತ್ತಿಲ್ಲ. ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ. ಬೆಳಗಿನ ಎಂಟೂವರೆಗೆ ಘಾಟ್ಕೋಪರ್ ಬಿಡುವ ಲೋಕಲಿನ ಲೇಡೀಸ್ ಡಬ್ಬಿ ಹೀಗೇ ಇರುತ್ತದೆ: ದೇಶದ ಎಲ್ಲ ಸೀರೆಗಳೂ ಮೈಗೆ ಮೈ ತಾಗಿಸಿಕೊಂಡಿವೆ, ಮನಸ್ಸು ಮಾತ್ರ ಅವರವರ ಮನೆಯ ಒಲೆಯ ಮೇಲೆ. ಬೇರೆ ಬೇರೆ ದಿನ ಕೂರಿಸಿ ಬರೆದವರನ್ನು ಒಂದೇ ಕ್ಯಾನ್ವಾಸಿಗೆ ತಂದಿದ್ದರಿಂದ ಹೀಗಾಯಿತು ಎಂದು ಬಲ್ಲವರು ದೋಷ ಹೇಳುತ್ತಾರೆ. ನನಗೆ ಇದೇ ಈ ಚಿತ್ರದ ಪ್ರಾಮಾಣಿಕತೆ ಅನಿಸಿತು. ಒಂದೇ ರಾಗಕ್ಕೆ ಎಲ್ಲರೂ ತಲೆದೂಗುವ ಹಾಗೆ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು.

ಕೊನೆಗಾಲದಲ್ಲಿ ರವಿವರ್ಮ ಮೈಸೂರಿಗೆಂದೇ ಬರೆದ ರಾಮಾಯಣದ ಚಿತ್ರಗಳ ಗತ್ತೇ ಬೇರೆ. 1905ರಲ್ಲಿ ತಮ್ಮ ತೀರಿಕೊಂಡ. ಸ್ಟುಡಿಯೋ, ಪ್ರೆಸ್ಸು, ಪ್ರವಾಸ ಎಲ್ಲದರಲ್ಲೂ ಬಲಗೈಯಾಗಿದ್ದವನು. 1906ರ ಅಕ್ಟೋಬರಿನಲ್ಲಿ ತಾನೂ ಹೋದ. ನಡುವಿನ ಆ ಕೊಂಚ ಕಾಲದಲ್ಲಿ ಬರೆದ, ಸಮುದ್ರದ ಮೇಲೆ ಬಿಲ್ಲೆತ್ತಿದ ರಾಮ ಇಲ್ಲಿದ್ದಾನೆ. ಬಂಡೆಯ ಮೇಲೆ ನಿಂತಿದ್ದಾನೆ, ಮಿಂಚು, ಎದ್ದ ಅಲೆ, ಅಲೆಯೊಳಗಿಂದ ಬೇಡಿಕೊಳ್ಳುತ್ತ ಬರುವ ವರುಣ. ಪಟ್ಟಾಭಿಷೇಕದ ಪಟದಲ್ಲಿ ಕಾಣುವ ಶಾಂತ ರಾಮನಲ್ಲ. ಮೂರು ದಿನ ಕಾದು, ಕಾದದ್ದು ಸಾಕು ಎಂದು ಎದ್ದ ಮನುಷ್ಯ. ಇಂದ್ರಜಿತುವಿನ ವಿಜಯದ ಚಿತ್ರದಲ್ಲಿ ಗೆದ್ದವರ ಆಸ್ಥಾನದ ನಡುವೆ ಸೆರೆಯಾಗಿ ಬಂದ ಹೆಣ್ಣಿನ ಮೇಲೆಯೇ ಬೆಳಕು ಬಿದ್ದಿದೆ. ಗೆದ್ದವನು ಕಾಣುವುದು ಆಮೇಲೆ. ಇವುಗಳ ಮುಂದೆ ನಿಂತಾಗ, ರವಿವರ್ಮ ಕ್ಯಾಲೆಂಡರಿನವನು ಎಂಬ ಮಾತನ್ನು ಇನ್ನೊಮ್ಮೆ ಯೋಚಿಸಿ ಆಡಬೇಕು ಅನಿಸುತ್ತದೆ. ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಇಬ್ಬರೂ ಅವನನ್ನು ಕಟುವಾಗಿ ಟೀಕಿಸಿದರು. ಈ ಅರಮನೆಯೇ ಎರಡು ದೋಣಿಯಲ್ಲಿ ಕಾಲಿಟ್ಟಿತು ಅನ್ನಿ: ಗೋಡೆಯ ಮೇಲೆ ರವಿವರ್ಮ, ಅತ್ತ ಮೈಸೂರಿನ ಹುಡುಗ ಕೆ. ವೆಂಕಟಪ್ಪನನ್ನು ಕಲಿಯಲೆಂದು ಕಲ್ಕತ್ತೆಗೆ, ರವಿವರ್ಮನ ದಾರಿಯನ್ನೇ ಒಪ್ಪದ ಅವನೀಂದ್ರನಾಥ ಟಾಗೋರರ ಬಳಿಗೆ ಕಳಿಸಿದ್ದೂ ಮೈಸೂರು ಸಂಸ್ಥಾನವೇ.

ನಾನು ನೋಡುತ್ತಿದ್ದಾಗ ಹಳ್ಳಿಯ ಕಡೆಯ ಒಂದು ಸಂಸಾರ ಬಂತು. ಹಿರಿಯ ಹೆಂಗಸು ರಾಮನ ಮುಂದೆ ನಿಂತವರೇ ಸೆರಗು ಸರಿಮಾಡಿಕೊಂಡು ಕೈಮುಗಿದರು. ಮೊಮ್ಮಗನ ತಲೆ ಹಿಡಿದು ಬಗ್ಗಿಸಿದರು. ಹಗ್ಗದಾಚೆಯಿಂದಲೇ ಕೈ ಚಾಚಿ ಕಣ್ಣಿಗೊತ್ತಿಕೊಳ್ಳಲು ಹೋದಾಗ, “ಅಮ್ಮಾ, ಮುಟ್ಟಬಾರ್ದು” ಅಂದರು ಕಾವಲಿನವರು. ಗದರಿಕೆಯಲ್ಲ, ದಿನವೂ ಹೇಳಿ ಅಭ್ಯಾಸವಾದ ದನಿ.

ಆ ಕೈಮುಗಿಯುವಿಕೆ ಅರಮನೆಯಿಂದ ಕಲಿತದ್ದಲ್ಲ. ಇದು ತಲೆಕೆಳಗಾದ ವ್ಯವಹಾರ. ಮೂಲಚಿತ್ರ ಮೊದಲು, ಪ್ರತಿ ಆಮೇಲೆ ಎನ್ನುವುದು ಪುಸ್ತಕದ ಲೆಕ್ಕ. ನಮ್ಮ ಕಣ್ಣಿನ ಲೆಕ್ಕದಲ್ಲಿ ಪ್ರತಿಯೇ ಮೊದಲು. ಮೊದಲು ಅಜ್ಜಿಯ ಮನೆಯ ಗೋಡೆ, ಸಲೂನಿನ ಕ್ಯಾಲೆಂಡರು, ಬೆಂಕಿಪೊಟ್ಟಣದ ಚೀಟಿ. ಹತ್ತಿಪ್ಪತ್ತು ವರ್ಷವಾದ ಮೇಲೆ ಎಂದೋ ಒಂದು ದಿನ ಟಿಕೆಟ್ ಕೊಂಡು ಮೂಲಚಿತ್ರ. ಘಾಟ್ಕೋಪರಿನ ಕಲ್ಲು ಅಚ್ಚು ಹಾಕಿದ್ದು ಕಾಗದದ ಮೇಲೆ ಮಾತ್ರವಲ್ಲ, ನೋಡುವವರ ಕಣ್ಣಿನ ಮೇಲೂ. ಅದೇ ಕಣ್ಣಿಟ್ಟುಕೊಂಡು ಅರಮನೆಗೆ ಬಂದವರಿಗೆ ಎಣ್ಣೆಬಣ್ಣದ ರಾಮ ಕೂಡ ಮನೆಯ ರಾಮನ ದೊಡ್ಡ ಪ್ರತಿಯೇ. ಅರಸರು ತಮಗೆಂದು ಬರೆಸಿಕೊಂಡರು, ಜೋಪಾನ ಮಾಡಿದರು; ಅದಕ್ಕೆ ಋಣಿಯಾಗಿರಬೇಕು, ಅವರು ಹಾಗೆ ಇಟ್ಟುಕೊಳ್ಳದಿದ್ದರೆ ಜರಿಯಂಚಿನ ಆ ಬಿಳಿಚುಕ್ಕೆ ನಮಗೆ ಕಾಣುತ್ತಿರಲಿಲ್ಲ. ಆದರೆ ಸಂಗ್ರಹ ಎಂಬುದರ ಕಟ್ಟಳೆಯೇ ಮುಟ್ಟಬಾರದು ಎಂದು. ಚಿತ್ರ ಮುಗಿದದ್ದು 1906ರಲ್ಲಿ, ಆಮೇಲೆ ಯಾರೂ ಅದಕ್ಕೆ ಏನೂ ಸೇರಿಸುವ ಹಾಗಿಲ್ಲ. ಪಂತ್‌ನಗರದ ಲಕ್ಷ್ಮಿ ಹಾಗಲ್ಲ. ಚಿತ್ರಕಾರ ಚಿನ್ನವನ್ನು ಬಣ್ಣ ಮಾಡಿದ, ಪ್ರೆಸ್ಸು ಆ ಬಣ್ಣವನ್ನು ಚುಕ್ಕೆ ಮಾಡಿತು, ಒಬ್ಬ ಸೊಸೆ ತನ್ನ ಹರಿದ ಮದುವೆ ಸೀರೆಯಿಂದ ಆ ಚುಕ್ಕೆಯ ಮೇಲೆ ಮತ್ತೆ ಜರಿಯನ್ನೇ ತಂದಿಟ್ಟಳು. ಮುಮ್ಮಡಿಯವರ ಚಿತ್ರಗಾರನಿಗೂ ಅವಳಿಗೂ ಮಾತಾಡಿಕೊಳ್ಳಲು ಬಹಳ ವಿಷಯ ಇರುತ್ತಿತ್ತು; ರವಿವರ್ಮನಿಗೆ ಅವಳ ಕೆಲಸ ಕಂಡು ಸಂಕಟವಾಗುತ್ತಿತ್ತೋ ಏನೋ.

ಜಗನ್ಮೋಹನಕ್ಕೆ ಹೋದವರೆಲ್ಲ ಕೇಳುವುದು ಮಾತ್ರ ರವಿವರ್ಮನನ್ನಲ್ಲ, ದೀಪದ ಹೆಂಗಸನ್ನು. ಅದಕ್ಕೇ ಬೇರೆ ಕತ್ತಲೆಯ ಎಡೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆರಳ ಸಂದಿಯ ಚರ್ಮ ಬೆಳಕು ತಾಗಿ ಕೆಂಪಾಗಿದೆ, ಮುಖದ ಕೆಳಭಾಗಕ್ಕೆ ಬೆಳಕು ಹೆಚ್ಚು, ಹಣೆಗೆ ಹೋಗುವಷ್ಟರಲ್ಲಿ ತೆಳು. ಇದನ್ನು ಬರೆದವರು ಮುಂಬಯಿಯವರು, ಸಾವಳಾರಾಮ ಲಕ್ಷ್ಮಣ ಹಳದಣಕರ್. 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿ, ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಕಲಿತು, 1908ರಲ್ಲಿ ಮುಂಬಯಿಯಲ್ಲಿ ಸ್ವಂತ ಚಿತ್ರಶಾಲೆ ತೆರೆದವರು. ದೀಪ ಹಿಡಿದವಳು ಅವರ ಮಗಳು ಗೀತಾ. 2018ರಲ್ಲಿ ಕೊಲ್ಲಾಪುರದಲ್ಲಿ 102 ವರ್ಷದವರಾಗಿ ತೀರಿಕೊಂಡರು.

ಇದು ಎಣ್ಣೆಬಣ್ಣವಲ್ಲ, ಜಲವರ್ಣ. ಎಣ್ಣೆಬಣ್ಣದಲ್ಲಿ ತಪ್ಪಿದರೆ ಒಣಗಿದ ಮೇಲೆ ಇನ್ನೊಂದು ಪದರ ಬಳಿಯಬಹುದು, ಕೊನೆಗೆ ಬಿಳಿ ಇಟ್ಟು ಬೆಳಕು ತರಬಹುದು. ಜಲವರ್ಣದಲ್ಲಿ ಬೆಳಕು ಎಂದರೆ ಕಾಗದವೇ. ಎಲ್ಲಿ ಬಣ್ಣ ಹಾಕದೆ ಬಿಡುತ್ತೀಯೋ, ಎಲ್ಲಿ ನೀರಿನಷ್ಟು ತೆಳುವಾಗಿ ಹಾಕುತ್ತೀಯೋ ಅಲ್ಲಿ ಬೆಳಕು. ಒಮ್ಮೆ ಮುಚ್ಚಿದರೆ ಮುಚ್ಚಿದ ಹಾಗೆ. ದೀಪದ ಕುಡಿಯ ಸುತ್ತ ಆ ಕೈ ಎಷ್ಟು ಹುಷಾರಾಗಿ ಸುತ್ತಿಕೊಂಡು ಹೋಗಿದೆ ಎಂಬುದು ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಾಣುತ್ತದೆ. ಚಿನ್ನದ ರೇಕಿನ ಭಿತ್ತಿ, ಎಣ್ಣೆಬಣ್ಣದ ಜರಿ ಎಲ್ಲ ನೋಡಿ ಬಂದವನಿಗೆ ಇಡೀ ಅರಮನೆಯಲ್ಲಿ ಹೆಚ್ಚು ಬೆಳಗುವುದು ಏನೂ ಹಚ್ಚದೆ ಬಿಟ್ಟ ಕಾಗದ ಎಂದು ಗೊತ್ತಾದಾಗ ನಗು ಬಂತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಗೆಳತಿಗೆ, “ಹಿಂದೆ ಬಲ್ಬ್ ಇಟ್ಟಿದಾರೆ ಕಣೇ” ಅಂದಳು. ಹಳದಣಕರರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾರು ಕೊಡಬೇಕು?

ಹೊರಗೆ ಬಂದಾಗ ಬಿಸಿಲು. ಮದುವೆ ಮನೆಗೆ ಹೋಗುವ ಹೊತ್ತಾಗಿತ್ತು. ದೇವರಾಜ ಮಾರ್ಕೆಟಿನ ಹತ್ತಿರ ಪಟಕ್ಕೆ ಕಟ್ಟು ಹಾಕುವ ಅಂಗಡಿಯೊಂದರಲ್ಲಿ ದೀಪದ ಹೆಂಗಸು ಆಳೆತ್ತರಕ್ಕೆ ನಿಂತಿದ್ದಳು, ಇಲ್ಲಿ ಹಿಂದೆ ನಿಜವಾಗಿ ಬಲ್ಬ್ ಇತ್ತು.

“ರವಿವರ್ಮನ ಪೇಂಟಿಂಗು ಸಾರ್. ಲೈಟ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ.”

“ಇದು ರವಿವರ್ಮ ಅಲ್ಲ. ಹಳದಣಕರ್ ಅಂತ, ಮುಂಬಯಿಯವರು.”

“ಹೌದಾ?” ಅವನು ಹೆಂಗಸನ್ನು ಹೊಸಬಳೆಂಬಂತೆ ನೋಡಿದ. “ನಮ್ಮಪ್ಪನ ಕಾಲದಿಂದ ರವಿವರ್ಮ ಅಂತಾನೇ ಮಾರ್ತಿದೀವಲ್ಲ ಸಾರ್. ಈಗ ಹೆಸರು ಬದಲಾಯಿಸಿದ್ರೆ ಯಾರು ತಗೋತಾರೆ?”

ಕೆಳಗೆ ಗೋಡೆಗೊರಗಿಸಿದ್ದ ಪಟಗಳಲ್ಲಿ ಒಂದು ಲಕ್ಷ್ಮಿ ಇದ್ದಳು. ಹಾರ ಎತ್ತಿದ ಆನೆ, ಮುಂದೆ ನೀರು, ಹಂಸ. ಕಂಪ್ಯೂಟರಿನ ಅಚ್ಚು, ತುಟಿಯ ಕೆಂಪು ಗೆರೆ ತಪ್ಪದೆ ಕೂತಿತ್ತು. ಎತ್ತಿಕೊಂಡು ಎಷ್ಟೆಂದು ಕೇಳಿದೆ.

“ಮುನ್ನೂರೈವತ್ತು ಕೊಡಿ. ಮೇಲೆ ಜರಿ, ಸ್ಟೋನ್ ವರ್ಕ್ ಮಾಡಿಸ್ಬೇಕಾ? ನಮ್ಮನೆಯವರು ಮಾಡ್ತಾರೆ, ಸಂಜೆಗೆ ಸಿಗುತ್ತೆ.”

“ಮಾಡಿಸಿ,” ಅಂದೆ.

“ಅಂಚಿಗೆ ಮಾತ್ರಾನಾ, ಕಿರೀಟಕ್ಕೂನಾ ಸಾರ್?”